ಅಳಿಸೋ ಕೆಲಸ ಅಂತ ಯಾರೂ ಮೊದಲೇ ಹೇಳಿರ್ಲಿಲ್ಲ

ಟಿವಿ ಸ್ಟೇಷನ್‌ನಲ್ಲಿ ಕೆಲಸಕ್ಕೆ ಸೇರಿದ ದಿನಕ್ಕೆ ನಾನು ಜೀವನದಲ್ಲಿ ಮೊದಲ ಸಲ ಟಿವಿ ನೋಡಿ ಸರಿಯಾಗಿ ಆರು ವಾರ ಆಗಿತ್ತು. ತಮಾಷೆ ಮಾಡ್ತಿಲ್ಲ. ಅದು 1974, ಬೆಂಗಳೂರಿಗೆ ದೂರದರ್ಶನ ಬಂದಿದ್ದೇ 1981ರಲ್ಲಿ, ನಮಗೆಲ್ಲ ನಾಟಕ ಅಂದ್ರೆ ಒಂದೋ ಆಕಾಶವಾಣಿ, ಇಲ್ಲಾಂದ್ರೆ ರವೀಂದ್ರ ಕಲಾಕ್ಷೇತ್ರ, ಅದೂ ಇಲ್ಲಾಂದ್ರೆ ಅಜ್ಜಿ ಊರಿನ ಜಾತ್ರೇಲಿ ಟೆಂಟ್ ಹಾಕ್ತಿದ್ದ ಕಂಪನಿ ನಾಟಕ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಜಾಲಹಳ್ಳಿ ಕಡೆ ಒಂದು ಕಾರ್ಖಾನೇಲಿ ಎರಡು ವರ್ಷ ಸೋಲ್ಡರಿಂಗ್ ಐರನ್ ಹಿಡಿದಿದ್ದೆ, ಅಷ್ಟೇ ನನ್ನ ಬಂಡವಾಳ. ಅಲ್ಲಿ ಆಸ್ಟ್ರೇಲಿಯಾದಲ್ಲಿ 1973ರಲ್ಲಿ ವಿಟ್ಲಂ ಸರ್ಕಾರ ಮೈಬಣ್ಣ ನೋಡಿ ದೇಶದೊಳಗೆ ಬಿಡೋ ಪದ್ಧತೀನ ಪೂರ್ತಿ ಕಿತ್ತು ಹಾಕ್ತು, ಚಿಕ್ಕಪ್ಪನ ಸ್ನೇಹಿತರೊಬ್ಬರು ಮೆಲ್ಬೋರ್ನ್‌ನಲ್ಲಿ ಡಾಕ್ಟರ್ ಆಗಿದ್ರು, ಬಾರೋ ಅಂದ್ರು, ಹೋದೆ. ಅವರ ಮನೆ ಹಾಲ್‌ನಲ್ಲೇ ಮೊದಲ ಸಲ ಟಿವಿ ನೋಡಿದ್ದು. ಕಪ್ಪು ಬಿಳುಪು, ಅದರಲ್ಲಿ ಟೋಪಿ ಹಾಕ್ಕೊಂಡ ಪೊಲೀಸಿನವ್ರು ಯಾರನ್ನೋ ಓಡಿಸಿಕೊಂಡು ಹೋಗ್ತಿದ್ರು, ಅದೇ ಹೋಮಿಸೈಡ್ ಅಂತ ಆಮೇಲೆ ಗೊತ್ತಾಯ್ತು.

ಪೇಪರ್‌ನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ, ಟೆಕ್ನೀಷಿಯನ್ ಟ್ರೇನಿ ಅಂತ. ಸ್ಟೇಷನ್ ಹೆಸರು ಬೇಡ ಬಿಡಿ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗುತ್ತೆ. ಇಂಟರ್ವ್ಯೂನಲ್ಲಿ ಮೂರು ಜನ ಇದ್ರು, ಒಬ್ಬರು ಟೇಪ್ ಬಗ್ಗೆ ಏನು ಗೊತ್ತು ಅಂತ ಕೇಳಿದ್ರು. ಸ್ಪೂಲ್ ರೆಕಾರ್ಡರ್ ರಿಪೇರಿ ಮಾಡಿದೀನಿ ಸಾರ್, ಮದುವೆ ಮನೆ ಮೈಕ್‌ಸೆಟ್‌ನವರ ಹತ್ರ ಇರುತ್ತಲ್ಲ ಅದು, ಅಂದೆ. ಅವರಿಗೆ ಮೈಕ್‌ಸೆಟ್ ಅಂದ್ರೇನು ಅಂತ ವಿವರಿಸೋಕೇ ಐದು ನಿಮಿಷ ಹೋಯ್ತು. ಕೊನೆಗೆ ಮೂಲೇಲಿ ಸುಮ್ನೆ ಕೂತಿದ್ದ ವಯಸ್ಸಾದವರೊಬ್ಬರು, ಇಲ್ಲಿ ಯಾರನ್ನೂ ಸಾರ್ ಅನ್ನಬೇಡ, ಬೆರಳು ತೋರಿಸು ಅಂದ್ರು. ಕೈ ನಡುಗುತ್ತಾ ಅಂತ ನೋಡಿದ್ದಂತೆ. ಕೆಲಸ ಸಿಕ್ತು. ಅವರೇ ನನ್ನ ಸೂಪರ್‌ವೈಸರ್. ಎಲ್ಲರೂ ಅವರನ್ನ ಹೆಸರಿಡಿದೇ ಕೂಗ್ತಿದ್ರು, ನಂಗೆ ಅಪ್ಪನ ವಯಸ್ಸಿನವರನ್ನ ಹಾಗೆ ಕರೆಯೋಕೆ ಬಾಯೇ ಬರ್ತಿರ್ಲಿಲ್ಲ, ಅದಕ್ಕೆ ಮನಸ್ಸಲ್ಲಿ ಯಜಮಾನ್ರು ಅಂತ ಇಟ್ಕೊಂಡಿದ್ದೆ, ಎದುರಿಗೆ ಏನೂ ಕರೀದೆ ಹತ್ರ ಹೋಗಿ ನಿಂತ್ಕೋತಿದ್ದೆ. ನನ್ನ ಉದ್ದ ಹೆಸರನ್ನ ಮಾತ್ರ ಅವರು ಎರಡೇ ದಿನದಲ್ಲಿ ಕತ್ತರಿಸಿ ರಾಜ್ ಮಾಡಿದ್ರು.

ನಂಗೆ ಹಾಕಿದ್ದು ವಿಟಿ ರೂಮಿಗೆ, ಅಂದ್ರೆ ವಿಡಿಯೋಟೇಪ್ ರೂಮು. ನಾಟಕದ ಕಡೆ ಕೆಲಸ ಅಂದಾಗ ನಾನು ಲೈಟು, ಮೇಕಪ್ಪು, ಬಣ್ಣದ ಪರದೆ ಇವನ್ನೆಲ್ಲ ಅಂದ್ಕೊಂಡಿದ್ದೆ. ವಿಟಿ ರೂಮಲ್ಲಿ ಕಿಟಕಿನೂ ಇಲ್ಲ. ಒಂದೊಂದು ಮೆಷಿನ್ನೂ ನಮ್ಮನೆ ದೇವರ ಮಂಟಪ, ಪಕ್ಕದ ಬೀರು ಎರಡೂ ಸೇರಿಸಿದಷ್ಟು ದೊಡ್ಡದು. ಟೇಪು ಎರಡಿಂಚು ಅಗಲ, ಸಾಧಾರಣ ಸೀರೆ ಅಂಚಿನಷ್ಟು. ಒಂದು ಗಂಟೆ ರೆಕಾರ್ಡ್ ಮಾಡೋಕೆ ಸುಮಾರು 1,400 ಮೀಟರ್ ಟೇಪು ಬೇಕು, ಆ ರೀಲ್ ಎತ್ತಿ ಮೆಷಿನ್‌ಗೆ ಹಾಕೋದು ಅಂದ್ರೆ ತುಂಬಿದ ಕೊಡ ಎತ್ತಿದ ಹಾಗೆ, ಸೊಂಟದಿಂದ ಎತ್ತಬೇಕು, ತೋಳಲ್ಲಿ ಎತ್ತಿದ್ರೆ ಸಂಜೆಗೆ ಅನುಭವಿಸಬೇಕು. ಹೆಡ್ಡು ಅಂತ ನಮ್ಮ ಸ್ಪೂಲ್ ರೆಕಾರ್ಡರ್‌ನಲ್ಲಿ ಇರುತ್ತಲ್ಲ, ಅದು ಸುಮ್ನೆ ಒಂದು ಕಡೆ ಕೂತಿರುತ್ತೆ, ಟೇಪು ಅದರ ಮುಂದೆ ಹರಿಯುತ್ತೆ. ಇದರಲ್ಲಿ ಹಾಗಲ್ಲ. ಒಂದು ಪುಟ್ಟ ಚಕ್ರದ ಮೇಲೆ ನಾಲ್ಕು ಹೆಡ್ಡು, ಚಕ್ರ ಸೆಕೆಂಡಿಗೆ 250 ಸುತ್ತು ಸುತ್ತುತ್ತೆ, ಒಂದೊಂದು ಹೆಡ್ಡೂ ಟೇಪಿನ ಅಡ್ಡಕ್ಕೆ ಗೀರು ಎಳ್ಕೊಂಡು ಹೋಗುತ್ತೆ, ಒಂದು ಗೀರಲ್ಲಿ ಚಿತ್ರದ ಹದಿನಾರು ಗೆರೆ ಹತ್ತಿರ ಇರುತ್ತೆ. ನಾಲ್ಕರಲ್ಲಿ ಒಂದು ಹೆಡ್ಡಿಗೆ ಟೇಪಿನ ಪುಡಿ ಮೆತ್ಕೊಂಡ್ರೆ ಸಾಕು, ನಾಯಕಿ ಮುಖದ ಮೇಲೆ ಜಮಖಾನದ ಥರ ಪಟ್ಟೆ ಪಟ್ಟೆ. ಆ ಚಕ್ರದ ಕೀಂ ಅನ್ನೋ ಸದ್ದು, ಪಕ್ಕದಲ್ಲಿ ಕಂಪ್ರೆಸರ್ ಗಡಗಡ, ಎಂಟು ಗಂಟೆ ಅದರಲ್ಲಿದ್ದು ಹೊರಗೆ ಬಂದ್ರೆ ಟ್ರಾಮಿನ ಗಂಟೆ ಕೂಡ ಹತ್ತಿ ಸುತ್ತಿ ಹೊಡೆದ ಹಾಗೆ ಕೇಳಿಸ್ತಿತ್ತು. ಈಗ ಎಡಗಿವಿ ಅರ್ಧ ಹೋಗಿದೆ, ನನ್ನ ಹೆಂಡತಿ ಅದು ಅವಳ ಮಾತು ಕೇಳಿಸಿಕೊಳ್ಳದೆ ಇರೋಕೆ ನೆಪ ಅಂತಾಳೆ.

ನಮ್ಮಲ್ಲಿ ಆಗ ಒಂದು ಧಾರಾವಾಹಿ ನಡೀತಿತ್ತು, ವಾರಕ್ಕೆ ನಾಲ್ಕು ಎಪಿಸೋಡು. ಈಗಿನವ್ರು ಕೇಳಿದ್ರೆ ನಗ್ತಾರೆ, ಆದ್ರೆ ನಾಲ್ಕೂ ಎಪಿಸೋಡನ್ನ ಎರಡು ದಿನದಲ್ಲಿ ಸ್ಟುಡಿಯೋದಲ್ಲಿ ಮುಗಿಸಬೇಕು. ಅದಕ್ಕೂ ಮುಂಚೆ ನಟರು ಹತ್ತಿರದ ಚರ್ಚ್ ಹಾಲಲ್ಲಿ ರಿಹರ್ಸಲ್ ಮಾಡೋರು, ನೆಲದ ಮೇಲೆ ಬಣ್ಣ ಬಣ್ಣದ ಅಂಟುಪಟ್ಟಿ, ಇದು ಅಡುಗೆಮನೆ ಇದು ಬಾಗಿಲು ಅಂತ, ಇಲ್ಲದ ಬಾಗಿಲನ್ನ ಇಲ್ಲದ ಹಿಡಿ ಹಿಡಿದು ತೆಗೆಯೋರು. ನಾನು ಒಂದ್ಸಲ ಗೊತ್ತಿಲ್ದೆ ಗೋಡೆ ದಾಟಿಬಿಟ್ಟೆ, ಎಲ್ಲರೂ ಹೋ ಅಂತ ಕೂಗಿದ್ರು. ಕುಂಟೆಬಿಲ್ಲೆ ಗೆರೆ ತುಳಿದ ಹಾಗೆ. ಸ್ಟುಡಿಯೋ ದಿನ ಬೆಳಿಗ್ಗೆ ಕ್ಯಾಮೆರಾ ಬ್ಲಾಕಿಂಗ್, ಅಂದ್ರೆ ಯಾರು ಎಲ್ಲಿ ನಿಲ್ಲಬೇಕು, ಯಾವ ಕ್ಯಾಮೆರಾ ಎಲ್ಲಿರಬೇಕು ಅಂತ ಗೊತ್ತು ಮಾಡೋದು, ಮಧ್ಯಾಹ್ನ ಡ್ರೆಸ್ ರಿಹರ್ಸಲ್, ಊಟ, ಆಮೇಲೆ ರೆಕಾರ್ಡಿಂಗ್. ಮೂರು ಕ್ಯಾಮೆರಾ. ಒಂದೊಂದು ಕ್ಯಾಮೆರಾಗೂ ಅದರ ಶಾಟ್‌ಗಳ ಚೀಟಿ ಕಟ್ಟಿರುತ್ತೆ. ಕಂಟ್ರೋಲ್ ರೂಮಲ್ಲಿ ನಿರ್ದೇಶಕರ ಪಕ್ಕ ಒಬ್ಬ ಹೆಣ್ಣುಮಗಳು ಸ್ಟಾಪ್‌ವಾಚ್ ಹಿಡ್ಕೊಂಡು ಶಾಟ್ ನಂಬರ್ ಕೂಗ್ತಾ ಹೋಗ್ತಾಳೆ, ಇನ್ನೊಬ್ಬರು ಬಟನ್ ಒತ್ತಿ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹಾರಿಸ್ತಾರೆ, ಅಂದ್ರೆ ಎಡಿಟಿಂಗ್ ಅಲ್ಲೇ ನಿಂತ ನಿಲುವಿನಲ್ಲೇ ಆಗಿಹೋಗುತ್ತೆ. ನಿಜ ಹೇಳ್ಬೇಕಂದ್ರೆ ಇಡೀ ಕಟ್ಟಡದಲ್ಲಿ ಧಾರಾವಾಹಿ ನಡೆಸ್ತಿದ್ದವಳು ಆ ಸ್ಟಾಪ್‌ವಾಚ್ ಹುಡುಗಿನೇ, ಹೆಸರು ಮಾತ್ರ ಟೈಟಲ್ ಕಾರ್ಡಲ್ಲಿ ಬರ್ತಿರ್ಲಿಲ್ಲ.

ನನ್ನ ಪಾಲಿನ ನಾಟಕ ಅಂದ್ರೆ ಹತ್ತು ಸೆಕೆಂಡು. ಇಂಟರ್‌ಕಾಮ್‌ನಲ್ಲಿ ರೋಲ್ ವಿಟಿ ಅಂತ ಬರುತ್ತೆ, ಬಟನ್ ಒತ್ತಬೇಕು, ಚಕ್ರ ವೇಗ ಹಿಡಿದು ಚಿತ್ರ ಅಲುಗಾಡದೆ ಕೂರೋಕೆ ಹತ್ತು ಸೆಕೆಂಡ್ ಹತ್ತಿರ ಬೇಕು, ಅಷ್ಟರಲ್ಲಿ ಫ್ಲೋರ್‌ನಲ್ಲಿ ಗಡಿಯಾರ ಓಡ್ತಿರುತ್ತೆ, ಮುಳ್ಳು ಕೊನೇ ಮೂರು ಸೆಕೆಂಡಿಗೆ ಬಂದಾಗ ಪರದೆ ಕಪ್ಪಾಗುತ್ತೆ, ಅಷ್ಟರೊಳಗೆ ನಾನು ಲಾಕ್ ಅಂತ ಹೇಳಿರಬೇಕು. ಹೇಳ್ಲಿಲ್ಲ ಅಂದ್ರೆ ನಲವತ್ತು ಜನ ಉಸಿರು ಬಿಟ್ಟು ಮತ್ತೆ ಮೊದಲಿಂದ. ಮೊದಲನೇ ವಾರ ನಂಗೆ ಆ ಒಂದು ಪದ ಗಂಟಲಲ್ಲೇ ಸಿಕ್ಕಾಕ್ಕೊಂಡು ಕೊನೆಗೆ ಯಜಮಾನ್ರೇ ಹಿಂದಿನಿಂದ ಕೂಗಿದ್ರು. ರೆಕಾರ್ಡ್ ಶುರು ಆದ್ಮೇಲೆ ಯಾರೂ ನಿಲ್ಲಿಸಲ್ಲ. ಮಾತು ತಪ್ಪಿದ್ರೂ ನಿಲ್ಲಿಸಲ್ಲ, ಬಾಗಿಲು ಹಾಕಿದಾಗ ಗೋಡೆ ಅಲ್ಲಾಡಿದ್ರೂ ನಿಲ್ಲಿಸಲ್ಲ, ಬೂಮ್ ಮೈಕಿನ ನೆರಳು ಹೀರೋ ಹಣೆ ಮೇಲೆ ಬಿದ್ರೆ ಮಾತ್ರ ಯೋಚನೆ ಮಾಡ್ತಾರೆ. ಯಾಕಂದ್ರೆ ಎಲೆಕ್ಟ್ರಾನಿಕ್ ಎಡಿಟಿಂಗ್ ಆ ಹೊತ್ತಿಗೆ ಬಂದಿದ್ರೂ ಎರಡು ಮೆಷಿನ್ ಒಟ್ಟಿಗೆ ಬೇಕು, ಎರಡು ಮೆಷಿನ್ ಖಾಲಿ ಸಿಗೋದು ಅಂದ್ರೆ ರಾತ್ರಿ ಹನ್ನೊಂದರ ಮೇಲೆ, ಆಗ ಓವರ್‌ಟೈಮು.

ಓವರ್‌ಟೈಮ್ ಬೇಡ ಅಂತ ಹೇಳಿದ ರಾತ್ರಿಗಳಲ್ಲಿ ಯಜಮಾನ್ರು ಚಹಾ ಹಾಕಿ ಹಳೇ ಕತೆ ತೆಗೆಯೋರು. ಅವರು 1957ರಿಂದ ಅದೇ ಧಂದೆಯಲ್ಲಿ ಇದ್ದವರು, ಅಂದ್ರೆ ಆಸ್ಟ್ರೇಲಿಯಾದಲ್ಲಿ ಟಿವಿ ಶುರುವಾಗಿ ವರ್ಷನೂ ತುಂಬಿರ್ಲಿಲ್ಲ, ಸಿಡ್ನಿಯ ಟಿಸಿಎನ್-9 ಶುರು ಆಗಿದ್ದೇ 1956ರ ಸೆಪ್ಟೆಂಬರ್ 16ಕ್ಕೆ, ಮೆಲ್ಬೋರ್ನ್‌ನವ್ರು ನವೆಂಬರ್‌ನ ಒಲಿಂಪಿಕ್ಸ್‌ಗೆ ಮುಂಚೆ ಹೇಗೋ ಓಡೋಡಿ ಶುರು ಮಾಡಿದ್ದು. ಆಗ ಟೇಪೇ ಇಲ್ಲ. ನಾಟಕ ಅಂದ್ರೆ ಲೈವ್, ಒಂದು ಗಂಟೆ ಒಂದೂವರೆ ಗಂಟೆ ಲೈವ್. ಒಂದು ಸೆಟ್ಟಿಂದ ಇನ್ನೊಂದು ಸೆಟ್ಟಿಗೆ ನಟರು ಬೂಟು ಕೈಯಲ್ಲಿ ಹಿಡ್ಕೊಂಡು ಓಡೋರಂತೆ, ಸದ್ದಾಗಬಾರದಲ್ಲ. ಒಂದು ನಾಟಕದಲ್ಲಿ ನಾಯಕಿಗೆ ನಲವತ್ತು ಸೆಕೆಂಡಲ್ಲಿ ಇಪ್ಪತ್ತು ವರ್ಷ ವಯಸ್ಸಾಗಬೇಕು, ಅಷ್ಟು ಹೊತ್ತು ಕ್ಯಾಮೆರಾ ಒಂದು ಹೂದಾನಿ ತೋರಿಸ್ತಿರಬೇಕು ಅಂತ ಪ್ಲಾನು. ಮೇಕಪ್‌ನವಳು ಓಡ್ತಾ ಓಡ್ತಾನೇ ಮುಖದ ಮೇಲೆ ಸುಕ್ಕು ಬರೀತಿದ್ದಾಳೆ, ವಿಗ್ಗಿನ ಪಿನ್ನು ಸಿಕ್ಕಿಲ್ಲ, ನಲವತ್ತು ಸೆಕೆಂಡು ಹೋಗಿ ಎರಡು ನಿಮಿಷ ಆಯ್ತು, ಊರಿನ ಜನ ಎರಡು ನಿಮಿಷ ಹೂದಾನಿ ನೋಡಿದ್ರು. ಮಾರನೇ ದಿನ ಯಾರೋ ಫೋನ್ ಮಾಡಿ ಆ ಹೂದಾನಿ ಸಂಕೇತ ಏನನ್ನ ಸೂಚಿಸುತ್ತೆ ಅಂತ ಕೇಳಿದ್ರಂತೆ. ಇದನ್ನ ಅವರು ನನಗೆ ನಾಲ್ಕು ಸಲ ಹೇಳಿದಾರೆ, ಹೇಳಿದಾಗೆಲ್ಲ ಹೂದಾನಿ ಹೊತ್ತು ಸ್ವಲ್ಪ ಜಾಸ್ತಿ ಆಗ್ತಿತ್ತು.

ನಂಗೆ ತುಂಬ ಹಿಡಿಸಿದ್ದು ಪ್ರಾಂಪ್ಟರ್ ಕತೆ. ಬಿಬಿಸಿ ಪದ್ಧತಿನೇ ಇವರದ್ದೂ ಅಂತೆ, ಪ್ರಾಂಪ್ಟರ್ ಕೈಯಲ್ಲಿ ಒಂದು ಬಟನ್, ನಟ ಮಾತು ಮರೆತ ಅಂದ್ರೆ ಬಟನ್ ಒತ್ತಿ ಸೌಂಡ್ ಪೂರ್ತಿ ಕಟ್ ಮಾಡಿ ಜೋರಾಗಿ ಮಾತು ಹೇಳಿಕೊಟ್ಟು ಬಟನ್ ಬಿಡೋದು. ಮನೇಲಿ ಕೂತವರಿಗೆ ಒಂದು ಕ್ಷಣ ಟಿವಿ ಕೆಟ್ಟಿತು ಅನ್ಸುತ್ತೆ ಅಷ್ಟೇ. ನಾನು ನಮ್ಮ ಕಂಪನಿ ನಾಟಕದಲ್ಲಿ ಸೈಡ್ ವಿಂಗಲ್ಲಿ ನಿಂತವನು ಕೂಗಿದ್ದು ಹಿಂದಿನ ಸಾಲಿನವರೆಗೂ ಕೇಳಿಸೋದು, ಜನಾನೂ ಅವನ ಜೊತೆ ಸೇರಿ ಹೇಳಿಕೊಡೋರು ಅಂದೆ. ಯಜಮಾನ್ರು ಚಹಾ ಕಪ್ಪು ಕೆಳಗಿಟ್ಟು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ಸಿಡ್ನಿ ಮೆಲ್ಬೋರ್ನ್ ಮಧ್ಯೆ ಟಿವಿ ಹೊತ್ತೊಯ್ಯೋ ಕೇಬಲ್ ಬಂದಿದ್ದು 1962ರಲ್ಲಿ. ಅದಕ್ಕೆ ಮುಂಚೆ ಸಿಡ್ನಿ ನಾಟಕ ಮೆಲ್ಬೋರ್ನ್‌ನವರು ನೋಡಬೇಕಂದ್ರೆ, ಲೈವ್ ಹೋಗ್ತಿರೋವಾಗ ಮಾನಿಟರ್ ಮುಂದೆ ಒಂದು ಫಿಲ್ಮ್ ಕ್ಯಾಮೆರಾ ಇಟ್ಟು ಶೂಟ್ ಮಾಡಿ, ಅದನ್ನ ತೊಳೆದು, ವಿಮಾನದಲ್ಲಿ ಕಳಿಸಿ, ಕೆಲವು ದಿನ ಬಿಟ್ಟು ಹಾಕೋದು. ಅದಕ್ಕೆ ಕೈನ್ ಅಂತಿದ್ರು. ಚಿತ್ರ ಮಸುಕು, ನಂದಿಬೆಟ್ಟದ ಬೆಳಗಿನ ಹಾಗೆ. ಯಜಮಾನ್ರಿಗೆ ಕೈನ್ ಕಂಡ್ರೆ ಆಗ್ತಿರ್ಲಿಲ್ಲ, ಟೇಪ್ ಬಂದ ದಿನ ನಾವೆಲ್ಲ ಬಿಯರ್ ಕುಡಿದ್ವಿ ಅನ್ನೋರು. ತಮಾಷೆ ಏನಂದ್ರೆ ಆ ಮಸುಕು ಕೈನ್‌ಗಳಲ್ಲಿ ಎಷ್ಟೋ ಇವತ್ತಿಗೂ ಉಳಿದಿವೆ. ಫಿಲ್ಮನ್ನ ಅಳಿಸಿ ಇನ್ನೊಂದು ಸಲ ಬಳಸೋಕಾಗಲ್ಲ ನೋಡಿ. ಟೇಪ್ ಬಳಸಬಹುದು.

ಇಲ್ಲಿಗೆ ಬರಬೇಕು ಅಂತಾನೇ ಇಷ್ಟೆಲ್ಲ ಹೇಳಿದ್ದು.

ಸೇರಿ ಒಂದು ತಿಂಗಳಾಗಿತ್ತು. ಒಂದು ಸೋಮವಾರ ಯಜಮಾನ್ರು ಟ್ರಾಲಿ ತಳ್ಳಿಕೊಂಡು ಬಂದ್ರು, ಅದರಲ್ಲಿ ಹನ್ನೆರಡು ರೀಲು, ಹಿಂದಿನ ತಿಂಗಳು ಪ್ರಸಾರ ಆಗಿ ಮುಗಿದ ಎಪಿಸೋಡುಗಳು. ಬಾ ಅಂತ ಕಾರಿಡಾರ್ ಕೊನೇ ರೂಮಿಗೆ ಕರ್ಕೊಂಡು ಹೋದ್ರು. ಅಲ್ಲಿ ಒಂದು ಕಬ್ಬಿಣದ ಮೇಜಿನಂಥದ್ದು, ಒಳಗೆ ದೊಡ್ಡ ಕಾಯಿಲ್, ಸ್ವಿಚ್ ಹಾಕಿದ್ರೆ ಹೂಂ ಅಂತ ನೆಲ ಸಣ್ಣಗೆ ನಡುಗುತ್ತೆ. ರೀಲನ್ನ ಅದರ ಮೇಲಿಟ್ಟು ನಿಧಾನ ಸುತ್ತಿಸಬೇಕು, ಮಗುಚಿ ಇನ್ನೊಂದು ಕಡೆ ಸುತ್ತಿಸಬೇಕು, ಆಮೇಲೆ ನಿಧಾನವಾಗಿ ದೂರ ಎಳೀಬೇಕು, ಸ್ವಿಚ್ ಆರಿಸೋದು ರೀಲು ದೂರ ಹೋದ್ಮೇಲೆ, ಮೊದಲೇ ಆರಿಸಿದ್ರೆ ಟೇಪಲ್ಲಿ ಧಡ್ ಧಡ್ ಅನ್ನೋ ಸದ್ದು ಉಳ್ಕೊಳ್ಳುತ್ತೆ. ಒಂದು ರೀಲಿಗೆ ಒಂದು ನಿಮಿಷನೂ ಬೇಡ. ಅಷ್ಟೇನಾ ಅಂದೆ. ಅಷ್ಟೇ ಅಂದ್ರು. ಡಬ್ಬಿ ಒಳಗೆ ಒಂದು ಕಾರ್ಡ್ ಇರುತ್ತೆ, ಕಾರ್ಯಕ್ರಮದ ಹೆಸರು, ಎಪಿಸೋಡ್ ನಂಬರು, ತಾರೀಕು. ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಇನಿಶಿಯಲ್ ಹಾಕಬೇಕು, ಕೆಳಗಿನ ಸಾಲು ಮುಂದಿನ ಎಪಿಸೋಡಿಗೆ. ನಮ್ಮ ಕಿರಾಣಿ ಅಂಗಡಿ ಸಾಲದ ಪುಸ್ತಕ ನೆನಪಾಯ್ತು.

ಅವತ್ತು ನನ್ನ ಕೈಯಲ್ಲಿ ಅಪ್ಪ ಕೊಡಿಸಿದ ಎಚ್‌ಎಂಟಿ ವಾಚ್ ಇತ್ತು. ಮೊದಲ ದಿನ ತೆಗೆಯೋಕೆ ನೆನಪಾಗ್ಲಿಲ್ಲ, ಹೇಳೋಕೆ ಯಜಮಾನ್ರಿಗೂ ನೆನಪಾಗ್ಲಿಲ್ಲ. ಅವತ್ತಿನಿಂದ ಅದು ಹುಚ್ಚು ಹಿಡಿದ ಹಾಗೆ ಮುಂದೆ ಓಡೋಕೆ ಶುರು ಮಾಡ್ತು, ದಿನಕ್ಕೆ ಅರ್ಧ ಗಂಟೆ. ಒಳಗಿನ ಕೂದಲೆಳೆ ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿಬಿಟ್ರೆ ಹಾಗೆ ಆಗುತ್ತೆ. ನಾನು ಆ ವಾಚ್ ನಂಬಿ ಟ್ರಾಮ್ ಸ್ಟಾಪಿಗೆ ಚಳೀಲಿ ಅರ್ಧ ಗಂಟೆ ಮುಂಚೆ ಹೋಗಿ ನಿಂತಿದ್ದೂ ಉಂಟು. ಆಮೇಲೆ ವಾಚ್ ರಿಪೇರಿಯವನ ಹತ್ರ ಹೋದ್ರೆ ಅವನೂ ಒಂದು ಪುಟ್ಟ ಕಾಯಿಲ್ ಮೇಲೆ ಇಟ್ಟು ನಿಧಾನ ದೂರ ಎಳೆದ, ಸರಿ ಹೋಯ್ತು. ನಾನು ರೀಲಿಗೆ ಮಾಡ್ತಿದ್ದನ್ನೇ ಅವನು ವಾಚಿಗೆ ಮಾಡಿದ.

ಮೊದಮೊದಲು ನಂಗೆ ಏನೂ ಅನಿಸ್ಲಿಲ್ಲ, ಇದನ್ನ ಒಪ್ಪಿಕೊಳ್ಳಬೇಕು. ನಾಟಕ ಅಂದ್ರೆ ಮುಗಿದ ಮೇಲೆ ಮುಗೀತು ಅಂತಾನೇ ಬೆಳೆದವನು ನಾನು, ಜಾತ್ರೆ ಮುಗಿದ್ಮೇಲೆ ಟೆಂಟು ಕಿತ್ತ ಜಾಗದಲ್ಲಿ ಗೂಟದ ಗುಣಿ ಮಾತ್ರ ಇರುತ್ತೆ. ಅಲ್ಲಿದ್ದ ಎಲ್ಲರಿಗೂ ಹಾಗೇ ಇತ್ತು. ಮನೇಲಿ ವಿಡಿಯೋ ಮೆಷಿನ್ ಇಲ್ಲ, ಹಳೇ ಎಪಿಸೋಡ್ ಯಾರು ಕೇಳ್ತಾರೆ, ಟೇಪ್ ಬೆಲೆ ನೋಡಿದ್ರೆ ಎದೆ ಒಡೆಯುತ್ತೆ. ಮೇಲಿನವರು ಕೆಟ್ಟವರೇನಲ್ಲ, ಟೇಪ್ ಅಂದ್ರೆ ಅವರಿಗೆ ಸ್ಲೇಟು. ಮನೆಗೆ ಏರೋಗ್ರಾಮ್ ಬರೆದಾಗ ಕೆಲಸದ ವಿಷಯ ವಿವರವಾಗಿ ಬರೆದಿದ್ದೆ, ಅಪ್ಪನ ಉತ್ತರ ಬಂತು, ನೀನು ಕ್ಷೇಮ ಅಂತ ತಿಳಿದು ಸಂತೋಷ, ಆದರೆ ಅಷ್ಟು ಜನ ಕಷ್ಟಪಟ್ಟು ಆಡಿದ್ದನ್ನ ಅಳಿಸೋಕೆ ಅಲ್ಲಿವರೆಗೂ ಹೋಗಬೇಕಿತ್ತಾ ಮಗನೇ, ಇಲ್ಲೇ ಸ್ಕೂಲಲ್ಲಿ ಬೋರ್ಡ್ ಒರೆಸೋ ಕೆಲಸ ಇತ್ತಲ್ಲ, ಅಂತ. ಅಪ್ಪ ಮೇಷ್ಟ್ರು. ನಗೋಕೆ ಅಂತಾನೇ ಬರೆದಿದ್ದು, ನಾನು ನಕ್ಕೆ, ಆದ್ರೆ ಮುಂದಿನ ಸೋಮವಾರ ರೀಲು ಮಗುಚೋವಾಗ ಕೈ ಒಂಚೂರು ನಿಂತಿತು. ಆ ಎಪಿಸೋಡಲ್ಲಿ ವಯಸ್ಸಾದ ನಟಿಯೊಬ್ಬರು ಮಗನ ಕಾಗದ ಓದೋ ಸೀನ್ ಇತ್ತು, ಒಂದೇ ಶಾಟು, ಮೂರು ನಿಮಿಷ, ಅದು ರೆಕಾರ್ಡ್ ಆಗ್ತಿದ್ದಾಗ ಕಂಟ್ರೋಲ್ ರೂಮಿನವರು ಶಾಟ್ ನಂಬರ್ ಕೂಗೋದೂ ಮರೆತಿದ್ರು. ಇನಿಶಿಯಲ್ ಹಾಕಿದೆ. ಅದೂ ಹೋಯ್ತು.

1975ರ ಮಾರ್ಚ್ 1ಕ್ಕೆ ಕಲರ್ ಬಂತು. ಅಲ್ಲಿನ ಸರ್ಕಾರಿ ಚಾನೆಲ್ ಎಬಿಸಿಯವರು ಆಂಟಿ ಜ್ಯಾಕ್ ಅನ್ನೋ ಹಾಸ್ಯ ಪಾತ್ರ ಇಟ್ಕೊಂಡು ಹಿಂದಿನ ರಾತ್ರಿ ಹನ್ನೆರಡಕ್ಕೆ ಮೂರು ನಿಮಿಷ ಇರೋವಾಗಲೇ ಕಲರ್ ಹಾಕಿ ಎಲ್ಲರಿಗಿಂತ ಮುಂಚೆ ನಾವೇ ಅಂತ ತಮಾಷೆ ಮಾಡಿದ್ರು, ನಮ್ಮ ರೂಮಲ್ಲೂ ಎಲ್ಲರೂ ನಿಂತ್ಕೊಂಡು ಅದನ್ನೇ ನೋಡಿದ್ವಿ. ನಮಗೆ ಕಲರ್ ಅಂದ್ರೆ ಕೆಲಸ ಡಬಲ್. ಬೆಳಿಗ್ಗೆ ಕ್ಯಾಮೆರಾಗಳನ್ನ ಒಂದಕ್ಕೊಂದು ಹೊಂದಿಸೋಕೇ ಗಂಟೆಗಟ್ಟಲೆ, ಒಂದರಲ್ಲಿ ಮುಖ ಹುಣಸೆಹಣ್ಣು ಇನ್ನೊಂದರಲ್ಲಿ ಮಾವಿನಹಣ್ಣು. ಸೆಟ್ಟಿನವರ ಪಾಡು ಇನ್ನೂ ಕಷ್ಟ, ಕಪ್ಪು ಬಿಳುಪಿನಲ್ಲಿ ಯಾವ ಬಣ್ಣ ಬಳಿದ್ರೂ ಬೂದಿನೇ ಕಾಣೋದು ಅಂತ ಸಿಕ್ಕಿದ್ದನ್ನ ಬಳಿದಿದ್ರು, ಹೀರೋಯಿನ್ ಅಡುಗೆಮನೆ ನಿಜವಾಗಿ ಗಿಳಿಹಸಿರು ಅಂತ ನಂಗೆ ಮಾತ್ರ ಅಲ್ಲ ನಿರ್ದೇಶಕರಿಗೂ ಅವತ್ತೇ ಗೊತ್ತಾಗಿದ್ದು. ಬಿಳಿ ಶರ್ಟು ಕ್ಯಾಮೆರಾಗೆ ಹೊಳೀದೆ ಇರಲಿ ಅಂತ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಇಟ್ಟಿದ್ದ ಒಂದು ರಾಶಿ ಶರ್ಟುಗಳನ್ನ ವಾರ್ಡ್‌ರೋಬ್ ಹೆಂಗಸರು ಮತ್ತೆ ಒಗೀತಾ ಕೂತಿದ್ರು.

ಅದೇ ವರ್ಷ ಊರಲ್ಲಿ ಒಂದು ಥರ ಸಾವಿನ ಮನೆ ವಾತಾವರಣ. ಹೋಮಿಸೈಡ್, ಡಿವಿಷನ್ 4, ಮ್ಯಾಟ್‌ಲಾಕ್ ಪೊಲೀಸ್, ಮೂರೂ ಪೊಲೀಸ್ ಧಾರಾವಾಹಿ, ಮೂರೂ ಕ್ರಾಫರ್ಡ್ ಪ್ರೊಡಕ್ಷನ್ಸ್ ಅನ್ನೋ ಕಂಪನಿಯವು, ಮೂರೂ ಬೇರೆ ಬೇರೆ ಚಾನೆಲ್‌ನಲ್ಲಿ, 1975ರಲ್ಲಿ ಒಂದರ ಹಿಂದೆ ಒಂದು ಮೂರನ್ನೂ ನಿಲ್ಲಿಸ್ತೀವಿ ಅಂದ್ಬಿಟ್ರು. ಹೋಮಿಸೈಡ್ 1964ರಿಂದ ನಡೀತಿದ್ದಿದ್ದು, ಮೆಲ್ಬೋರ್ನ್‌ನಲ್ಲಿ ಧಂದೆ ಕಲಿತವರಲ್ಲಿ ಅರ್ಧ ಜನ ಅದರಲ್ಲೇ ಕಲಿತವರು. ಯಜಮಾನ್ರಿಗೆ ಸಿಟ್ಟು ಬಂದ್ರೆ ಒಂದು ಅಂಕಿ ಹೇಳೋರು, 97. 1963ರಲ್ಲಿ ಸೆನೆಟ್ಟಿನ ವಿನ್ಸೆಂಟ್ ಸಮಿತಿ ವರದಿ ಕೊಟ್ಟಿತ್ತು, ಟಿವಿ ಬಂದಾಗಿನಿಂದ ತೋರಿಸಿದ ನಾಟಕಗಳಲ್ಲಿ ನೂರಕ್ಕೆ 97 ಅಮೆರಿಕದಿಂದ ತಂದಿದ್ದು ಅಂತ. ಬಾಕಿ ಮೂರು ನಾವು ಮಾಡಿದ್ದು ಅಂತ ಅವರು ಮೂರು ಬೆರಳು ಎತ್ತಿ ತೋರಿಸೋರು. ಒಂದ್ಸಲ ಹಾಗೆ ತೋರಿಸಿದಾಗ ನಾನು ಬಾಯಿ ತಡೀಲಾರದೆ, ಅದರಲ್ಲೂ ಎಷ್ಟನ್ನ ನಾವೇ ಸೋಮವಾರ ಅಳಿಸಿದೀವಿ ಅಂದ್ಬಿಟ್ಟೆ. ಏನೂ ಹೇಳ್ಲಿಲ್ಲ. ಬೆರಳು ಇಳಿಸಿ ಕಪ್ಪು ತೊಳೆಯೋಕೆ ಹೋದ್ರು. ಹಾಗೆ ಹೇಳಬಾರದಿತ್ತು, ಈಗಲೂ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ, ಹಿರಿಯರಿಗೆ.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ. 1976ರ ಚಳಿಗಾಲ, ಅಂದ್ರೆ ಜೂನು ಜುಲೈ. ರೆಕಾರ್ಡಿಂಗ್ ಮುಗಿದು ರೀವೈಂಡ್ ಮಾಡ್ತಿದ್ದೆ. ಟೇಪಿನ ಬಿಗಿ ಸರಿ ಇದೆಯಾ ನೋಡಿ ಆಮೇಲೆ ಮೆಷಿನ್ ಬಿಟ್ಟು ಹೋಗಬೇಕು ಅನ್ನೋದು ನಿಯಮ, ನಾನು ಅವತ್ತು ಊರಿಂದ ಬಂದ ಪಾರ್ಸೆಲ್‌ನಲ್ಲಿದ್ದ ಚಕ್ಲಿ ತರೋಕೆ ಅಂತ ಲಾಕರ್‌ಗೆ ಹೋದೆ. ವಾಪಸ್ ಬರೋ ಹೊತ್ತಿಗೆ ಟೇಪು ಸಡಿಲ ಆಗಿ ಒಂದು ಕಡೆ ಮಡಚಿಕೊಂಡು, ಇಸ್ತ್ರಿ ಹಾಕೋವಾಗ ಪಂಚೆ ಅಂಚು ಮಡಚಿಕೊಳ್ಳುತ್ತಲ್ಲ ಹಾಗೆ, ಅದರ ಮೇಲೇ ಸುತ್ತಿಕೊಂಡು ಹೋಗಿತ್ತು. ಹನ್ನೊಂದನೇ ನಿಮಿಷದ ಹತ್ತಿರ ಕೆಲವು ಮೀಟರ್ ಸುಕ್ಕು. ಹಾಕಿ ನೋಡಿದ್ರೆ ಆ ಜಾಗದಲ್ಲಿ ಚಿತ್ರ ಬಾಗಿ, ಹಾರಿ, ಮತ್ತೆ ಕೂರುತ್ತೆ. ನಟರು ಮನೆಗೆ ಹೋಗಿಯಾಗಿದೆ, ಸೆಟ್ಟು ಕಿತ್ತಾಗಿದೆ. ಅದೃಷ್ಟಕ್ಕೆ ಆ ಸೀನಿನ ಡ್ರೆಸ್ ರಿಹರ್ಸಲ್ಲನ್ನ ಇನ್ನೊಂದು ಟೇಪಲ್ಲಿ ಹಿಡಿದಿದ್ರು, ರಾತ್ರಿಯಿಡೀ ಕೂತು ಹೊಸ ರೀಲಿಗೆ ಕಾಪಿ ಮಾಡಿ ಆ ಭಾಗ ತೂರಿಸಿ ಪ್ರಸಾರಕ್ಕೆ ಕಳಿಸಿದ್ರು. ಹಾಳಾದ ರೀಲು ಹಿಡ್ಕೊಂಡು ಯಜಮಾನ್ರು, ಇದರ ಬೆಲೆ ನಿನ್ನ ಎರಡು ವಾರದ ಸಂಬಳ ಅಂತ ಲೆಕ್ಕ ಹಾಕಿ ಹೇಳಿದ್ರು. ಸುಕ್ಕಾದ ಟೇಪನ್ನ ಮತ್ತೆ ಬಳಸೋ ಹಾಗಿಲ್ಲ, ಹೆಡ್ಡೇ ಹೋಗಿಬಿಡುತ್ತೆ. ಡಬ್ಬಿ ಮೇಲೆ ಕೆಂಪು ಕ್ರೇಯಾನಲ್ಲಿ ರಿಜೆಕ್ಟ್ ಅಂತ ಬರೆದು ಹಿಂದಿನ ಗೋಡೌನಿಗೆ ಎಸೆದ್ರು. ಚಕ್ಲಿ ಯಾರೂ ತಿನ್ನಲಿಲ್ಲ. ನಾಲ್ಕು ದಿನ ಬಿಟ್ಟು ಯಜಮಾನ್ರೇ ಡಬ್ಬಿ ತೆಗೆದು ಒಂದು ತಿಂದು, ಖಾರ ಅಂದ್ರು.

ಧಾರಾವಾಹಿ ಆಮೇಲೆ ಹೆಚ್ಚು ದಿನ ನಡೀಲಿಲ್ಲ. ನಾನೂ ಬೇರೆ ಕೆಲಸಕ್ಕೆ ಹೋದೆ, ಟೆಲಿಫೋನ್ ಎಕ್ಸ್‌ಚೇಂಜ್ ಕಡೆ, ಸಂಬಳ ಚೆನ್ನಾಗಿತ್ತು, ಕಿಟಕಿನೂ ಇತ್ತು. ಮದುವೆ ಮಕ್ಕಳು ಮನೆ ಸಾಲ ಎಲ್ಲ ಆಯ್ತು, ಅದನ್ನೆಲ್ಲ ಬರೆಯೋಕೆ ಹೋಗಲ್ಲ. 1984ರಲ್ಲಿ ಕ್ಯಾನ್‌ಬೆರಾದಲ್ಲಿ ನ್ಯಾಷನಲ್ ಫಿಲ್ಮ್ ಅಂಡ್ ಸೌಂಡ್ ಆರ್ಕೈವ್ ಶುರು ಆಯ್ತು ಅಂತ ಪೇಪರ್‌ನಲ್ಲಿ ಓದಿದೆ, ಹಳೇದನ್ನೆಲ್ಲ ಕಾಪಾಡ್ತಾರಂತೆ ಅಂತ ಹೆಂಡತಿಗೆ ಓದಿ ಹೇಳಿದೆ, ಅವಳು ಉಪ್ಪಿನಕಾಯಿ ಹಾಕ್ತಿದ್ಳು, ಹ್ಞೂಂ ಅಂದ್ಳು. ನಮ್ಮೊಬ್ಬರ ಕತೆ ಮಾತ್ರ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಬೆಲ್‌ಬರ್ಡ್ ಅಂತ ಹಳ್ಳಿ ಕತೆಯ ಧಾರಾವಾಹಿ, 1967ರಿಂದ 77ರವರೆಗೆ, ಸಾವಿರದ ಆರುನೂರಕ್ಕೂ ಹೆಚ್ಚು ಎಪಿಸೋಡು, ಸಂಜೆ ಏಳರ ವಾರ್ತೆಗೆ ಮುಂಚೆ ಇಡೀ ದೇಶ ನೋಡ್ತಿದ್ದಿದ್ದು, ಅದರಲ್ಲಿ ಉಳಿದಿರೋದು ಬಹಳ ಕಮ್ಮಿ. ನಂಬರ್ 96 ಅನ್ನೋ ಇನ್ನೊಂದು ಧಾರಾವಾಹಿಯ ಕಪ್ಪು ಬಿಳುಪಿನ ಎಪಿಸೋಡುಗಳದ್ದೂ ಅದೇ ಗತಿ. ಎಲ್ಲೆಲ್ಲೋ ಯಾರ್ಯಾರೋ ನನ್ನಂಥವರು ಸೋಮವಾರ ಸೋಮವಾರ ಟ್ರಾಲಿ ತಳ್ಳಿದಾರೆ.

ಕೆಲವು ವರ್ಷದ ಹಿಂದೆ ಹಳೇ ಸ್ಟಾಫಿನವರೆಲ್ಲ ಒಂದು ಕ್ಲಬ್ಬಲ್ಲಿ ಸೇರಿದ್ವಿ. ಯಜಮಾನ್ರು ಹೋಗಿ ಆಗಲೇ ಬಹಳ ವರ್ಷ. ಆ ಸ್ಟಾಪ್‌ವಾಚ್ ಹುಡುಗಿ ಬಂದಿದ್ಳು, ಹುಡುಗಿ ಅಂತೀನಿ, ಅವಳಿಗೂ ಎಪ್ಪತ್ತು ದಾಟಿದೆ, ಊರುಗೋಲು. ಒಬ್ಬ ಕ್ಯಾಮೆರಾದವನು ಎದ್ದು ನಿಂತು ಒಂದು ಸರ್‌ಪ್ರೈಸ್ ಇದೆ ಅಂದ. ಗೋಡೌನ್ ಖಾಲಿ ಮಾಡಿದಾಗ ಸೆಟ್ಟಿನವನೊಬ್ಬ ಒಂದಷ್ಟು ಡಬ್ಬಿ ತನ್ನ ಗ್ಯಾರೇಜಿಗೆ ಹೊತ್ಕೊಂಡು ಹೋಗಿದ್ನಂತೆ, ಡಬ್ಬಿ ಗಟ್ಟಿ ಇದೆ ಮೊಳೆ ಹಾಕಿಡೋಕಾಗುತ್ತೆ ಅಂತ, ಒಂದರಲ್ಲಿ ಮಾತ್ರ ರೀಲು ಹಾಗೇ ಉಳ್ಕೊಂಡಿತ್ತು, ಮಕ್ಕಳು ಅದನ್ನ ತಜ್ಞರ ಹತ್ರ ಕೊಟ್ಟು ಕಾಪಿ ಮಾಡಿಸಿದಾರೆ. ನಮ್ಮ ಧಾರಾವಾಹಿಯ ಪೂರ್ತಿ ಎಪಿಸೋಡ್ ಅಂತ ಈಗ ಪ್ರಪಂಚದಲ್ಲಿ ಇರೋದು ಅದೊಂದೇ.

ಲೈಟ್ ಆರಿಸಿದ್ರು. ಗಡಿಯಾರ ಬಂತು, ಮುಳ್ಳು ಓಡ್ತು, ಪರದೆ ಕಪ್ಪಾಯ್ತು, ನನ್ನ ಬಾಯಿ ತಾನಾಗೇ ಲಾಕ್ ಅಂದಿದ್ದು ಹೆಂಡತಿಗೆ ಕೇಳಿಸಿ ತಿರುಗಿ ನೋಡಿದ್ಳು. ಆಮೇಲೆ ಆ ಅಡುಗೆಮನೆ, ಗಿಳಿಹಸಿರು ಹೋಗಿ ಕೆನೆ ಬಣ್ಣ ಆಗಿತ್ತು, ಆ ವಯಸ್ಸಾದ ನಟಿ, ಅವರ ಮೇಲುದನಿ. ಕತ್ತಲೇಲಿ ಸ್ಟಾಪ್‌ವಾಚ್ ಹುಡುಗಿ ಶಾಟ್ ನಂಬರ್ ಪಿಸುಗುಡ್ತಾ ಇದ್ಳು, ಒಂದೂ ತಪ್ಪಲಿಲ್ಲ. ಹತ್ತು ನಿಮಿಷ ಆಯ್ತು. ಹನ್ನೊಂದಕ್ಕೆ ಬರೋ ಹೊತ್ತಿಗೆ ನಟಿ ಒಲೆ ಕಡೆ ತಿರುಗಿದ್ರು, ಅವರ ಮುಖ ಬಾಗಿ, ಅರ್ಧಕ್ಕೆ ಹರಿದು, ಮೇಲಕ್ಕೆ ಹಾರಿ ಮತ್ತೆ ಕೂತ್ಕೊಂಡ್ತು. ಎಲ್ಲರೂ ಅಯ್ಯೋ ಅಂದ್ರು. ಯಾರೋ ಹಿಂದಿನಿಂದ, ಎಷ್ಟು ವರ್ಷದ ಟೇಪು, ಹಾಳಾಗದೆ ಇರುತ್ತಾ ಅಂದ್ರು.

ಹೆಂಡತಿ ನನ್ನ ಬಲಗಿವಿ ಹತ್ರ ಬಂದು, ಏನ್ರೀ ಅದು ಹಂಗಾಯ್ತು ಅಂತ ಕೇಳಿದ್ಳು.

ಚಕ್ಲಿ ಅಂದೆ.